ಬೆಕ್ಕಿನ ಸೂಜಿಯೂ ಮುಧೋಳದ ಮದುವೆಯೂ

ನಾನು ಜಮಖಂಡಿಗೆ ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದದ್ದು ಮಾವನವರೊಬ್ಬರಿಗೆ. ಕೆಲವು ವರ್ಷ ಕಳೆಯುವುದರೊಳಗೆ ಅವರ ಬೆಕ್ಕಿಗೂ ಬಂತು. ಮಾವನವರಿಗೆ ಇದ್ದದ್ದೆಲ್ಲ ಬೆಕ್ಕಿಗೂ ಇರಬೇಕೆಂಬುದು ಆ ಮನೆಯ ಕಾನೂನಾಗಿದ್ದರಿಂದ ಯಾರಿಗೂ ದೊಡ್ಡ ಆಶ್ಚರ್ಯವಾಗಲಿಲ್ಲ. ಮಾವನವರಿಗೆ ಗಾದಿ ಇತ್ತು, ಬೆಕ್ಕಿಗೂ ಗಾದಿ ಇತ್ತು. ಮಾವನವರ ಹಾಲಿಗೆ ಬೆಳ್ಳಿ ಬಟ್ಟಲು, ಬೆಕ್ಕಿನ ಹಾಲಿಗೂ ಬೆಳ್ಳಿ ಬಟ್ಟಲು. ನನ್ನದು ಹಿತ್ತಾಳೆಯದು. ಅದರಲ್ಲಿ ಅನ್ಯಾಯವೇನೂ ಇಲ್ಲ. ಬೆಕ್ಕು ನನಗಿಂತ ಮೊದಲು ಆ ಮನೆ ಸೇರಿತ್ತು.

ಮಾವನವರು ಸಂಸ್ಥಾನದ ಕಾಲದಲ್ಲಿ ದಫ್ತರದ ಹೆಡ್ ಕಾರಕೂನರಾಗಿದ್ದವರು. ಸಂಸ್ಥಾನ ವಿಲೀನವಾಗಿ ನಾವೆಲ್ಲ ಮುಂಬಯಿ ರಾಜ್ಯದ ಪ್ರಜೆಗಳಾದ ಮೇಲೆ ಅವರಿಗೆ ಪಿಂಚಣಿ ಸಿಕ್ಕಿತು, ಕೆಲಸ ಹೋಯಿತು. ಅಷ್ಟು ದೊಡ್ಡ ರಾಜ್ಯ ತಮ್ಮನ್ನು ಒಂದು ಮಾತು ಕೇಳದೆ ಹೇಗೆ ನಡೆಯುತ್ತಿದೆ ಎಂಬುದು ಅವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಆಳುವುದಕ್ಕೆ ಮನೆಯೊಂದು ಉಳಿದಿತ್ತು. ಮನೆಯಲ್ಲಿ ಅತ್ತೆ, ನನ್ನ ಗಂಡ, ನಾನು. ಬೆಕ್ಕನ್ನು ಪ್ರಜೆಗಳ ಲೆಕ್ಕಕ್ಕೆ ಸೇರಿಸುವಂತಿರಲಿಲ್ಲ.

ಕಾಯಿಲೆ ಬೆಕ್ಕಿಗೆ ಬಂದ ದಾರಿಯೂ ಗುಟ್ಟಿನದಲ್ಲ. ಡಾಕ್ಟರರು ಮಾವನವರಿಗೆ ಸಿಹಿ ಬಿಡಿಸಿದ್ದರು. ಮಾವನವರು ಬಿಟ್ಟರು, ಆದರೆ ತಮ್ಮ ಪಾಲನ್ನು ಬಿಟ್ಟುಕೊಡಲಿಲ್ಲ. ಬಾಸುಂದಿ ಮಾಡಿದರೆ ಅವರ ಬಟ್ಟಲಿಗೆ ಬಡಿಸಲೇಬೇಕು; ಅದನ್ನು ಅವರು ಕಣ್ಣಾರೆ ನೋಡಿ, ನಿಟ್ಟುಸಿರು ಬಿಟ್ಟು, ಬೆಕ್ಕಿನ ಮುಂದಿಡುವರು. ಶ್ರೀಖಂಡ, ಪೇಢೆ, ಸಕ್ಕರೆ ಹಾಕಿದ ಕೆನೆ ಎಲ್ಲವೂ ಹೀಗೆಯೇ. ಬೆಕ್ಕು ಮೊದಲು ತಕ್ಕಡಿಯ ಕಲ್ಲಿನಂತೆ ದುಂಡಗಾಯಿತು. ಆಮೇಲೆ ಒಂದು ಬೇಸಿಗೆಯಲ್ಲಿ ಇಳಿಯತೊಡಗಿತು. ಬಚ್ಚಲಿನ ಕೊಡಕ್ಕೆ ಬಾಯಿ ಹಾಕಿ ನೀರು ಕುಡಿಯುವುದು, ಹಿತ್ತಲಿನ ಬೂದಿಗುಂಡಿಗೆ ಓಡುವುದು, ಮತ್ತೆ ಕುಡಿಯುವುದು. ಒಂದು ಬೆಳಗ್ಗೆ ಅತ್ತೆ ಬೂದಿ ಚೆಲ್ಲಲು ಹೋದವರು ಅಲ್ಲಿಂದಲೇ ಕೂಗಿದರು:

“ಏನ್ರೀ, ಬರ್ರಿಲ್ಲೆ! ನಿಮ್ಮ ಬೆಕ್ಕ ಉಚ್ಚಿ ಹೊಯ್ದಲ್ಲಿ ಇರುವಿ ಮುತ್ಯಾವ ನೋಡ್ರಿ. ಥೇಟ್ ನಿಮ್ಮ ಹಂಗ.”

ಮಾವನವರು ಓಡಿಹೋಗಿ ಬಗ್ಗಿ ನೋಡಿದರು. ಅವರ ಮುಖದಲ್ಲಿ ಮೂಡಿದ್ದು ದುಃಖವೆಂದು ಹೇಳಿದರೆ ಸುಳ್ಳಾಗುತ್ತದೆ. ಊರಿನಲ್ಲಿ ಈ ರೋಗದ ಬಗ್ಗೆ ಸರಿಸಮನಾಗಿ ಕೂತು ಮಾತಾಡುವವರು ಅವರಿಗೆ ಯಾರೂ ಇರಲಿಲ್ಲ. ಈಗ ಒಬ್ಬ ಸಿಕ್ಕಂತಾಯಿತು. ತಮ್ಮ ಮೂತ್ರ ಪರೀಕ್ಷೆಗೆಂದು ಇಟ್ಟುಕೊಂಡಿದ್ದ ನೀಲಿ ಔಷಧಿ, ಗಾಜಿನ ನಳಿಗೆ, ಸ್ಪಿರಿಟ್ ದೀಪ ಹೊರಬಂದವು. ಬೆಕ್ಕಿನ ಹಿಂದೆ ತಾಟು ಹಿಡಿದು ಹಿತ್ತಲೆಲ್ಲ ತಿರುಗುವ ಗೌರವ ಯಾರ ಪಾಲಿಗೆ ಬಂತೆಂದು ಬರೆಯಬೇಕಾಗಿಲ್ಲ. ನಳಿಗೆಯಲ್ಲಿ ಕುದಿಸಿದಾಗ ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಕೊನೆಗೆ ಸುಟ್ಟ ಇಟ್ಟಂಗಿಯ ಬಣ್ಣಕ್ಕೆ ತಿರುಗಿತು.

“ನಂದಕ್ಕಿಂತಾ ಕೆಂಪ!” ಎಂದರು ಮಾವನವರು, ಮೊಮ್ಮಗ ಪರೀಕ್ಷೆಯಲ್ಲಿ ಮೊದಲ ನಂಬರು ಬಂದ ಅಜ್ಜನಂತೆ.

ನಮ್ಮ ಡಾಕ್ಟರರು ಮಿರಜದಲ್ಲಿ ಕಲಿತುಬಂದ ತರುಣ. ಬೆಕ್ಕನ್ನು ಮೇಜಿನ ಮೇಲೆ ಇಟ್ಟಾಗ ಅವರು ಮೊದಲು ನಕ್ಕರು. ಮಾವನವರು ನಗದಿದ್ದುದನ್ನು ಕಂಡು ನಗು ನುಂಗಿದರು. ಪ್ರಾಣಿಗಳಿಗೂ ಇದೇ ಔಷಧಿ ನಡೆಯುತ್ತದೆಂದು ತಾವು ಓದಿರುವುದಾಗಿಯೂ, ನೋಡೇಬಿಡೋಣವೆಂದೂ ಹೇಳಿ, ಇನ್ಸುಲಿನ್ನನ್ನು ಸೂಜಿಯ ತುದಿ ಒದ್ದೆಯಾಗುವಷ್ಟು ಮಾತ್ರ ಏರಿಸಿ ಕತ್ತಿನ ಸಡಿಲ ಚರ್ಮದಡಿ ಹಾಕಲು ತೋರಿಸಿದರು. ನಾವು ಹೊರಡುವಾಗ ಮಾವನವರನ್ನು ಬಿಟ್ಟು ನನ್ನ ಕಡೆ ತಿರುಗಿ ಹೇಳಿದರು: “ತಂಗೀ, ಒಂದ ಮಾತ ನೆನಪಿಟ್ಕೋ. ಮೊದಲ ಅದು ಉಣಬೇಕು, ಆಮ್ಯಾಲೆ ಸೂಜಿ. ಸೂಜಿ ಹಾಕಿ ಉಪವಾಸ ಕೆಡವಿದ್ರ ರಕ್ತದಾಗಿನ ಸಕ್ಕರಿ ಪೂರಾ ಇಳದ ಎಚ್ಚರ ತಪ್ಪತೈತಿ. ಹಂಗೇನರ ಆದ್ರ ಬೆಲ್ಲದ ನೀರ ಬಾಯಾಗ ಹಾಕು. ಈ ಮಾತ ನಿಮ್ಮ ಮಾವಾರಿಗೂ ಐತಿ.”

“ನನಗ ಗೊತ್ತೈತಿ ಬಿಡ್ರಿ,” ಎಂದರು ಮಾವನವರು.

ಸೂಜಿ ಹಾಕುವ ಕೆಲಸ ನನಗೆ ಬಂದದ್ದು ಯೋಗ್ಯತೆಯಿಂದಲ್ಲ. ಮಾವನವರ ಕೈ ನಡುಗುತ್ತಿತ್ತು. ಅತ್ತೆಗೆ ಕಣ್ಣು ಮಂಜು. ನನ್ನ ಗಂಡ ಸಾಲೆಯಲ್ಲಿ ಇತಿಹಾಸ ಕಲಿಸುವ ಮಾಸ್ತರರು. ಕೋಟೆಗಳನ್ನು ಮುತ್ತಿ ರಕ್ತದ ಕಾಲುವೆ ಹರಿಸುವುದನ್ನು ಮೇಜು ಗುದ್ದಿ ವರ್ಣಿಸುತ್ತಿದ್ದವರು, ಸೂಜಿ ಕಂಡರೆ ಗೋಡೆ ಹಿಡಿದು ಕೂತುಬಿಡುವರು. ಹೀಗಾಗಿ ಬೆಳಗಾದರೆ ನಾನು ಗಾಜಿನ ಪಿಚಕಾರಿಯನ್ನೂ ಸೂಜಿಗಳನ್ನೂ ಕುದಿಸಿ, ಮೊದಲು ಮಾವನವರಿಗೆ, ಆಮೇಲೆ ಬೆಕ್ಕಿಗೆ ಹಾಕುವುದು ರೂಢಿಯಾಯಿತು. ಔಷಧಿಯ ಬಾಟಲಿ ಇಬ್ಬರಿಗೂ ಒಂದೇ. ಬೆಕ್ಕಿನ ಸೂಜಿ ಮಾತ್ರ ಬೇರೆ ಇರಬೇಕೆಂದು ಅತ್ತೆ ಹಟ ಹಿಡಿದರು. ಇಬ್ಬರಲ್ಲಿ ಯಾರ ಮಡಿ ಕಾಯಲು ಹಾಗೆ ಹೇಳಿದರೋ ನಾನು ಕೇಳಲಿಲ್ಲ. ಬೆಕ್ಕು ಸೂಜಿಗೆ ಒಮ್ಮೆ ಕಿವಿ ಹಿಂದೆ ಮಾಡುತ್ತಿತ್ತು, ಅಷ್ಟೇ. ಮಾವನವರು ಮಾತ್ರ ಪ್ರತಿದಿನವೂ ಹೊಸದಾಗಿ ಕಣ್ಣು ಮುಚ್ಚುತ್ತಿದ್ದರು.

ಎಲ್ಲ ಸುರಳೀತ ನಡೆದಿದ್ದಾಗ ಮುಧೋಳದಿಂದ ಅತ್ತೆಯ ತಮ್ಮ ಬಂದು ಮಗಳ ಲಗ್ನ ಗೊತ್ತಾಗಿದೆ ಎಂದರು. ವರನ ಕಡೆಯವರು ಬೀಳಗಿಯವರು. ಅಕ್ಕ ಭಾವ ಎರಡು ದಿನ ಮುಂಚೆಯೇ ಬಂದು ನಿಂತು ನಡೆಸಬೇಕು, ಸೊಸೆಯೂ ಬರಬೇಕು ಎಂದು ಕುಂಕುಮ ಹಚ್ಚಿ ಹೋದರು. ಅತ್ತೆ ಸೀರೆಯ ಪೆಟ್ಟಿಗೆ ತೆರೆದರು. ಮಾವನವರು ಬೆಕ್ಕಿನ ಮುಂದೆ ಕೂತು ಚಿಂತೆಗಿಳಿದರು.

ಬೆಕ್ಕನ್ನು ಯಾರ ಬಳಿ ಬಿಡುವುದು? ಮೊದಲು ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆವು. “ಬೇಕಾದ್ರ ನಿಮ್ಮ ಮಾವನ್ನ ಬಿಟ್ಟ ಹೋಗವಾ, ಅವರಿಗೆ ಸೂಜಿ ಮಾಡ್ತೀನಿ. ಈ ಬೆಕ್ಕಿನ ಸುದ್ದಿ ನನಗ ಬ್ಯಾಡ,” ಎಂದು ಕದ ಹಾಕಿಕೊಂಡಳು. ಡಾಕ್ಟರರ ಕಂಪೌಂಡರ ಒಂದು ದಿನ ಬಂದು ಅಭ್ಯಾಸ ಮಾಡಿದ. ಮುಂಗೈಗೆ ಪಟ್ಟಿ ಕಟ್ಟಿಕೊಂಡು ಹೋದವನು ಮತ್ತೆ ನಮ್ಮ ಓಣಿಯಲ್ಲಿ ಕಾಣಲಿಲ್ಲ. ಕೊನೆಗೆ ಡಾಕ್ಟರರೇ, ನಾಲ್ಕು ದಿನ ಸೂಜಿ ತಪ್ಪಿದರೆ ಬೆಕ್ಕಿನ ಮಟ್ಟಿಗೆ ಆಕಾಶ ಬೀಳುವುದಿಲ್ಲ ಎಂದರು.

“ನಿಮ್ಮ ತಂದಿಗೆ ಹಿಂಗ ಬಂದಿದ್ರ ಹಂಗ ಬಿಡ್ತಿದ್ರೇನು?” ಎಂದು ಮಾವನವರು ಕೇಳಿದರು.

“ನಮ್ಮ ತಂದಿಗೆ ಬಾಲ ಇಲ್ರಿ,” ಎಂದರು ಡಾಕ್ಟರರು.

ಆ ಮೇಲೆ ಮಾವನವರು ಹದಿನೈದು ದಿನ ಅವರ ಜೊತೆ ಮಾತಾಡಲಿಲ್ಲ. ಬೆಕ್ಕು ಮದುವೆಗೆ ಬರುವುದೆಂದು ತೀರ್ಮಾನವಾಯಿತು. ನನ್ನ ತವರಿನ ಕಡೆಯ ಲಗ್ನಕ್ಕೆ ಒಂದು ದಿನ ಹೋಗಿಬರಲು ಹೋದ ವರ್ಷ ನನಗೆ ಅಪ್ಪಣೆ ಸಿಕ್ಕಿರಲಿಲ್ಲ. ಬೇಸಿಗೆಯಲ್ಲಿ ಪ್ರಯಾಣ ಆರೋಗ್ಯಕ್ಕೆ ಒಳ್ಳೆಯದಲ್ಲವಂತೆ.

ಬಿಸಿಲಿನಲ್ಲಿ ಇನ್ಸುಲಿನ್ ಕೆಡುತ್ತದೆ. ಸಣ್ಣ ಗಡಿಗೆಯಲ್ಲಿ ಹಸಿ ಉಸುಕು ತುಂಬಿ, ಬಾಟಲಿಯನ್ನು ಅದರೊಳಗೆ ಹುಗಿದು, ಗಡಿಗೆಗೆ ಒದ್ದೆ ಅರಿವೆ ಸುತ್ತಿ ನನ್ನ ತೊಡೆಯ ಮೇಲೆ ಇಟ್ಟರು. ಬೆಕ್ಕು ಮುಚ್ಚಳದ ಬಿದಿರುಬುಟ್ಟಿಯಲ್ಲಿ ಮಾವನವರ ತೊಡೆಯ ಮೇಲೆ. ಪಿಚಕಾರಿಯ ಡಬ್ಬಿ, ಸ್ಪಿರಿಟ್ಟಿನ ಬಾಟಲಿ, ಬೆಕ್ಕಿನ ಬಟ್ಟಲು ನನ್ನ ಗಂಡನ ಚೀಲದಲ್ಲಿ. ವಧುವಿಗೆ ಕೊಡುವ ಸೀರೆಯನ್ನು ಎಲ್ಲಿಡುವುದೆಂದು ಅತ್ತೆ ಕೇಳಿದಾಗ ಜಾಗವಿರಲಿಲ್ಲ. ಅವರೇ ಮಡಿಲಲ್ಲಿ ಹಿಡಿದು ಕೂತರು. ಮೋಟಾರಿನ ಕಂಡಕ್ಟರ ಬುಟ್ಟಿಯನ್ನು ತಟ್ಟಿ, “ಏನೈತ್ರಿ ಒಳಗ, ಕೋಳಿಯೇನು?” ಎಂದ.

“ಪೇಶಂಟ,” ಎಂದರು ಮಾವನವರು.

ಒಳಗಿನಿಂದ ಪೇಶಂಟು ಕೂಗಿತು. ಕಂಡಕ್ಟರ ಮುಂದೆ ಸರಿದ.

ಮುಧೋಳದ ಮನೆಯ ಬಗ್ಗೆ ನಾವು ಎಲ್ಲವನ್ನೂ ಯೋಚಿಸಿದ್ದೆವು, ಒಂದನ್ನು ಬಿಟ್ಟು. ಅತ್ತೆಯ ತಮ್ಮ ಎರಡು ಬೇಟೆನಾಯಿಗಳನ್ನು ಸಾಕಿದ್ದರು. ಬೇರೆ ಊರಲ್ಲಾದರೆ ಇದು ಅಕಸ್ಮಾತ್ತು. ಮುಧೋಳದಲ್ಲಿ ನಾಯಿ ಇಲ್ಲದ ಅಂಗಳ ಹುಡುಕುವುದೇ ಕಷ್ಟ. ಬಿಲ್ಲಿನಂತೆ ಬಾಗಿದ ಬೆನ್ನು, ಬಡಗಿ ಕೆತ್ತಿದಂಥ ಮೂತಿ, ಮೊಲವನ್ನು ಓಡಿಸಿ ಹಿಡಿಯುವ ಕಾಲು. ಮಾವನವರು ಬುಟ್ಟಿ ಹಿಡಿದು ಅಂಗಳ ಹೊಕ್ಕ ಕೂಡಲೇ ಎರಡೂ ಎದ್ದು ನಿಂತವು. ಬೊಗಳಲಿಲ್ಲ. ಬುಟ್ಟಿಯನ್ನೇ ನೋಡುತ್ತ ನಿಂತವು. ಬೊಗಳಿದ್ದರೆ ವಾಸಿಯಿತ್ತು.

“ಭಾವಾ, ಏನ ತಂದೀರಿ?” ಎಂದು ಅತ್ತೆಯ ತಮ್ಮ ಸಂಭ್ರಮದಿಂದ ಕೇಳಿದರು. ಹೇಳಿದಾಗ ಅವರ ಮುಖ ನೋಡುವಂತಿತ್ತು. ಆದರೂ ಲಗ್ನದ ಮನೆ, ಅಕ್ಕನ ಗಂಡ. ಕಾಳುಕಡಿ ತುಂಬುವ ಕತ್ತಲಕೋಣೆಯೊಂದನ್ನು ಬೆಕ್ಕಿಗೆ ಬಿಟ್ಟುಕೊಟ್ಟರು. ಹೆಂಗಸರಾದ ನಾವು ಹದಿನಾರು ಮಂದಿ ಪಡಸಾಲೆಯಲ್ಲಿ ಒಬ್ಬರ ಕಾಲು ಒಬ್ಬರ ತಲೆಗೆ ತಾಗುವಂತೆ ಮಲಗಿದೆವು.

ಮರುದಿನ ಅರಿಷಿಣ. ಬೆಳಗ್ಗೆ ನಾನು ಕೋಣೆಗೆ ಹೋದಾಗ ಬೆಕ್ಕು ಜೋಳದ ಚೀಲಗಳ ಹಿಂದೆ ಅಡಗಿತ್ತು. ಹಾಲಿಟ್ಟರೆ ಮೂಸಲಿಲ್ಲ, ಅನ್ನ ಕಲಸಿಟ್ಟರೆ ತಿರುಗಿ ನೋಡಲಿಲ್ಲ. ಹೊರಗಿನ ನಾಯಿಗಳ ವಾಸನೆ ಬಾಗಿಲ ಸಂದಿಯಿಂದ ಬರುತ್ತಿತ್ತೋ ಏನೋ. ಮಾವನವರು ಗಡಿಯಾರ ನೋಡಿದರು.

“ಹೊತ್ತಾತು. ಸೂಜಿ ಹಾಕು.”

“ಇನ್ನಾ ಉಂಡಿಲ್ರಿ ಅದು.”

“ಸೂಜಿ ಬಿತ್ತಂದ್ರ ತಾನ ಹಸಿವಿ ಆಗತೈತಿ. ನನಗ ಆಗೂದಿಲ್ಲೇನು?”

“ಡಾಕ್ಟರು ಹೇಳಿದ್ರಲ್ರಿ...”

“ಡಾಕ್ಟರಗ ಬಾಲದ್ದಷ್ಟ ಗೊತ್ತ,” ಎಂದರು. ಅವರು ಆ ಮಾತನ್ನು ಇನ್ನೂ ಮರೆತಿರಲಿಲ್ಲ.

ಸೊಸೆಯಾದವಳು ಎಷ್ಟು ವಾದಿಸಬಹುದೋ ಅಷ್ಟನ್ನು ನಾನು ಆಗಲೇ ಖರ್ಚು ಮಾಡಿಯಾಗಿತ್ತು. ಹಾಕಿದೆ. ಆಮೇಲೆ ಅರಿಷಿಣ ಅರೆಯಲು, ನೀರು ಕಾಯಿಸಲು, ಹತ್ತು ಜನರ ಹತ್ತು ಕರೆಗಳಿಗೆ ಓಗೊಡಲು ಹೋದೆ. ಮಧ್ಯಾಹ್ನದ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಬೆಕ್ಕಿನ ನೆನಪಾಗಿ ಹೋಗಿ ನೋಡಿದರೆ, ಅದು ಚೀಲಗಳ ಹಿಂದಿನಿಂದ ಹೊರಬಂದು ನೆಲದ ನಡುವೆ ಬಿದ್ದಿತ್ತು. ಕಣ್ಣು ತೆರೆದೇ ಇತ್ತು, ನನ್ನನ್ನು ಕಾಣುತ್ತಿರಲಿಲ್ಲ. ಎತ್ತಿದರೆ ಒದ್ದೆ ಅರಿವೆಯಂತೆ ಎರಡೂ ಕಡೆ ಜೋತುಬಿತ್ತು. ಹಿಂಗಾಲು ಒಂದೇ ಸಮನೆ ಅದುರುತ್ತಿತ್ತು.

ನನ್ನ ಹಿಂದೆಯೇ ಮಾವನವರು ಬಂದಿದ್ದರು. ಜರಿಯ ರುಮಾಲು ಸುತ್ತಿ, ಅತ್ತರು ಹಚ್ಚಿಕೊಂಡು, ಹಿರಿಯರ ಪಂಕ್ತಿಯ ಮೊದಲ ಎಲೆಗೆ ಕೂರಲು ಸಜ್ಜಾಗಿದ್ದವರು, ಬೆಕ್ಕನ್ನು ನೋಡಿ ಅಲ್ಲೇ ಧೂಳಿನ ನೆಲದ ಮೇಲೆ ಕೂತುಬಿಟ್ಟರು. ಹುಕುಮು ಇಲ್ಲದ ಅವರ ಬಾಯಿಯನ್ನು ನಾನು ನೋಡಿದ್ದು ಅದೇ ಮೊದಲು.

ಮುಧೋಳದ ಲಗ್ನದ ಮನೆಯಲ್ಲಿ ಬೆಲ್ಲಕ್ಕೆ ಏನು ಬರ. ಅದೇ ಕೋಣೆಯ ಮೂಲೆಯಲ್ಲಿ ಬೆಲ್ಲದ ಪೆಂಟೆಗಳ ರಾಶಿಯಿತ್ತು. ಒಂದು ಚೂರನ್ನು ಬೆಕ್ಕಿನ ಬಟ್ಟಲಿನ ನೀರಲ್ಲಿ ಕಿವುಚಿ, ಬೆರಳಿನಿಂದ ಅದರ ವಸಡಿಗೆ, ನಾಲಿಗೆಗೆ ಸವರಿದೆ. ಮತ್ತೆ ಸವರಿದೆ. ಮಾವನವರು ಬೆಕ್ಕಿನ ತಲೆಯನ್ನು ತಮ್ಮ ಜರಿ ಉತ್ತರೀಯದ ಮೇಲೆ ಇಟ್ಟುಕೊಂಡರು. ಬಹಳ ಹೊತ್ತಿನ ಮೇಲೆ, ಅಥವಾ ನಮಗೆ ಹಾಗೆ ಅನ್ನಿಸಿದ ಮೇಲೆ, ಬೆಕ್ಕು ನನ್ನ ಬೆರಳನ್ನು ನೆಕ್ಕಿತು. ಆಮೇಲೆ ಕಚ್ಚಿತು. ಅದು ಸಂಪೂರ್ಣ ಗುಣವಾದದ್ದರ ಗುರುತು. ಹಾಲು ಕುಡಿಯಿತು, ಅನ್ನ ತಿಂದಿತು, ಮಾವನವರ ಉತ್ತರೀಯಕ್ಕೆ ಮೂತಿ ಒರೆಸಿಕೊಂಡಿತು.

ಮಾವನವರು ಎದ್ದು ಧೂಳು ಕೊಡವಿಕೊಂಡರು. ಬಾಗಿಲಲ್ಲಿ ನಿಂತು ತಿರುಗಿ, “ಉಣ್ಣಿಸದ ಸೂಜಿ ಹಾಕಬಾರದವಾ. ಅಷ್ಟೂ ತಿಳಿಯೂದಿಲ್ಲೇನು?” ಎಂದು ನನಗೆ ಬುದ್ಧಿ ಹೇಳಿ ಊಟಕ್ಕೆ ಹೋದರು.

ಇಷ್ಟು ಪಾಠ ಕಲಿತವರು ಮಾರನೆಯ ದಿನ ಅದನ್ನು ತಮಗೂ ಅನ್ವಯಿಸಿಕೊಳ್ಳುತ್ತಾರೆಂದು ಯಾರಾದರೂ ಭಾವಿಸಿದರೆ ಅವರು ಹೆಡ್ ಕಾರಕೂನರನ್ನು ಕಂಡವರಲ್ಲ. ಮದುವೆಯ ದಿನ ಬೆಕ್ಕಿಗೆ ಹೊಟ್ಟೆ ತುಂಬ ಉಣ್ಣಿಸಿ ಸೂಜಿ ಹಾಕಿಸಿದರು. ತಾವು ಮಾತ್ರ ವಧೂವರರ ಮೇಲೆ ಅಕ್ಕಿಕಾಳು ಬೀಳುವ ತನಕ ಏನನ್ನೂ ಬಾಯಿಗೆ ಹಾಕುವುದಿಲ್ಲವೆಂದರು. ಹಿರಿಯರಾದವರು ಹಾಗೆ ನಡೆದುಕೊಳ್ಳಬೇಕಂತೆ. ಹಾಗಾದರೆ ಸೂಜಿಯೂ ಅಕ್ಕಿಕಾಳಿನ ಮೇಲೆಯೇ ಆಗಲಿ ಎಂದೆ. ಆಗಲಿಲ್ಲ. “ಮುಹೂರ್ತ ಮುಂಜಾನೇನ ಐತಿ. ಮುಗದ ಕೂಡಲೇ ಊಟ. ಇವತ್ತ ಹೋಳಿಗಿ ಬ್ಯಾರೆ, ಚೂರ ಜಾಸ್ತೀನ ಏರಿಸು,” ಎಂದರು. ಅವರು ಆ ದಿನ ಒಂದು ಹೋಳಿಗೆ ತಿನ್ನಲು ನಿಶ್ಚಯಿಸಿದ್ದರು, ಅದಕ್ಕೆ ಮುಂಗಡವಾಗಿ ಔಷಧಿ ತುಂಬಿಕೊಳ್ಳುತ್ತಿದ್ದರು. ನಾನು ಜಾಸ್ತಿ ಏರಿಸಲಿಲ್ಲ. ಆದರೆ ದಿನದಷ್ಟನ್ನು ಹಾಕಿದೆ. ತೋಳಿಗೆ ಸ್ಪಿರಿಟ್ ಒರೆಸುವಾಗ ಅವರ ಕೈ ತಾಗಿ ಬಾಟಲಿ ಮಗುಚಿ, ಅಂಗಿಯ ತೋಳೆಲ್ಲ ನೆನೆಯಿತು. ಬಿಸಿಲಿಗೆ ಆರುತ್ತದೆ ಬಿಡು ಎಂದು ಅದನ್ನೇ ತೊಟ್ಟು ಹೊರಟರು.

ಮುಹೂರ್ತ ಮುಂಜಾನೆಯದು ಇತ್ತು, ನಿಜ. ಆದರೆ ಬೀಗರು ಬೀಳಗಿಯವರಾಗಿದ್ದರು, ಮತ್ತು ಬೀಗರಾಗಿದ್ದರು. ಎದುರುಗೊಳ್ಳುವಾಗ ಬೆಲ್ಲದ ಪಾನಕದ ಮೊದಲ ಲೋಟವನ್ನು ಯಾರೋ ವರನ ತಂದೆಗೆ ಕೊಡುವ ಬದಲು ಊರಿನ ಪೊಲೀಸ್ ಫೌಜದಾರರಿಗೆ ಕೊಟ್ಟರು. ಫೌಜದಾರರು ಬರೀ ಅತಿಥಿ, ಅವರೂ ಬಾಯಾರಿದ್ದರು, ಕುಡಿದುಬಿಟ್ಟರು. ವರನ ತಂದೆ ಹಂದರದ ಎದುರಿನ ಬೇವಿನ ಗಿಡದ ಕೆಳಗೆ ಜಮಖಾನ ಹಾಸಿಸಿ, ತಮ್ಮ ಜನರನ್ನೆಲ್ಲ ಕೂರಿಸಿಕೊಂಡು, ಒಳಗೆ ಕಾಲಿಡುವುದಿಲ್ಲ ಎಂದರು. ವಾಜಂತ್ರಿಯವರು ಊದಿ ಊದಿ ಸುಮ್ಮನಾದರು. ವಧು ಒಳಗೆ ಬಾಸಿಂಗ ಕಟ್ಟಿಕೊಂಡು ಬೆವರುತ್ತಿದ್ದಳು. ಇಂಥ ಸಂಧಾನಕ್ಕೆ ಸಂಸ್ಥಾನದಲ್ಲಿ ಪಳಗಿದವರೇ ಬೇಕೆಂದು ಅತ್ತೆಯ ತಮ್ಮ ಕೈಮುಗಿದು ಮಾವನವರನ್ನು ಕಳಿಸಿದರು.

ಮಾವನವರಿಗೆ ವಿಲೀನದ ನಂತರ ಸಿಕ್ಕ ಮೊದಲ ಸರಕಾರಿ ಕೆಲಸವದು. ಗಂಭೀರವಾಗಿ ಹೋಗಿ ವರನ ತಂದೆಯ ಎದುರು ಕೂತರು. ನಾವು ಹೆಂಗಸರು ಹಂದರದ ಅಂಚಿನಲ್ಲಿ ನಿಂತು ನೋಡುತ್ತಿದ್ದೆವು. ಮೊದಮೊದಲು ಎಲ್ಲ ಛಲೋ ನಡೆಯಿತು. ಅವರು ಮಾತಾಡಿದರು, ಇವರು ತಲೆಯಾಡಿಸಿದರು. ಆದರೆ ಮಾವನವರು ಹಿಡಿದ ಮಾತನ್ನು ಎಂದೂ ಬೇಗ ಬಿಡುವವರಲ್ಲ; ಹೊತ್ತೇರಿತು. ನೋಡುತ್ತಿದ್ದ ಹಾಗೆ ಅವರ ರುಮಾಲಿನ ಅಂಚಿನಿಂದ ಬೆವರು ಧಾರೆಯಾಗಿ ಇಳಿಯಿತು. ಕೈಯಲ್ಲಿದ್ದ ಅಡಕೆ ಕೆಳಗೆ ಬಿತ್ತು. ಅದನ್ನು ಹುಡುಕಲು ಹೋಗಿ ಜಮಖಾನವನ್ನು ಗೀರತೊಡಗಿದರು. ಆಮೇಲೆ ಒಮ್ಮೆಲೇ ಎದ್ದು, ವರನ ತಂದೆಯ ಕಡೆ ಬೆರಳು ತೋರಿಸಿ ಕೂಗಿದರು:

“ಸಹಿ ಮಾಡಬ್ಯಾಡ್ರಿ! ಒಮ್ಮೆ ಸಹಿ ಮಾಡಿದ್ರ ಮುಗೀತು, ಸಂಸ್ಥಾನ ಹೋತು! ಇವ್ರೆಲ್ಲಾ ಮುಂಬಯಿಯವರು!”

ಬೀಳಗಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾವನವರು ಎರಡು ಹೆಜ್ಜೆ ತೂರಾಡಿ, ಫೌಜದಾರರ ಭುಜ ಹಿಡಿದು ನಿಂತರು. ಫೌಜದಾರರು ಮೂಗು ಎಳೆದರು. ಅದು ದಾರೂಬಂದಿಯ ಕಾಲ. ಇಡೀ ಮುಂಬಯಿ ರಾಜ್ಯದಲ್ಲಿ ಒಂದು ಗುಟುಕು ಇಳಿಸಿದರೂ ಜೈಲು. ಅಂಗಿಯ ತೋಳಿನಿಂದ ಸ್ಪಿರಿಟ್ಟಿನ ವಾಸನೆ ಇನ್ನೂ ಪೂರ್ತಿ ಹೋಗಿರಲಿಲ್ಲ.

“ವಾಸನಿ ಬರಾಕತ್ತೈತಲ್ಲ,” ಎಂದರು ಫೌಜದಾರರು, ಮೆಲ್ಲಗೆ.

“ಕುಡದಾರ!” ಎಂದರು ವರನ ತಂದೆ, ಮೆಲ್ಲಗಲ್ಲ. “ಕುಡುಕರ ಮನಿತನಕ್ಕ ನಮ್ಮ ಹುಡುಗನ್ನ ಕೊಡಾಕ ಬಂದೇವೇನು? ಏಳ್ರೋ ಎಲ್ಲಾರೂ!”

ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅತ್ತೆಯ ತಮ್ಮ ಓಡಿಹೋಗಿ ಪಾನಕದ ತುಂಬಿದ ಲೋಟವನ್ನು ತಾಟಿನಲ್ಲಿಟ್ಟು ತಂದು, ವರನ ತಂದೆಯ ಮುಂದೆ ಬಗ್ಗಿ ನಿಂತರು. ವರನ ತಂದೆ ಮುಖ ತಿರುಗಿಸಿದರು. ನನ್ನ ಗಂಡ ಕಂಬ ಹಿಡಿದುಕೊಂಡಿದ್ದರು, ಅಲ್ಲಿ ಸೂಜಿ ಇಲ್ಲದಿದ್ದರೂ.

ನಾನು ಮಾವನವರ ಕಣ್ಣುಗಳನ್ನು ನೋಡಿದೆ. ತೆರೆದೇ ಇದ್ದವು, ಯಾರನ್ನೂ ಕಾಣುತ್ತಿರಲಿಲ್ಲ. ನಿನ್ನೆ ಕತ್ತಲಕೋಣೆಯ ನೆಲದ ಮೇಲೆ ನೋಡಿದ ಕಣ್ಣು ಅವು. ಖಚಿತವಿತ್ತೇ ಎಂದು ಯಾರಾದರೂ ಕೇಳಿದರೆ, ಇರಲಿಲ್ಲ. ಆದರೆ ನನ್ನ ಕಾಲು ನನ್ನನ್ನು ಕೇಳಲಿಲ್ಲ. ಹಂದರದಿಂದ ಇಳಿದು, ಗಂಡಸರ ನಡುವೆ ಹಾದು, ತಾಟಿನಲ್ಲಿದ್ದ ಬೀಗರ ಪಾನಕವನ್ನು ಎತ್ತಿಕೊಂಡೆ. ತಲೆಯ ಮೇಲಿನ ಸೆರಗು ಎಲ್ಲೋ ಜಾರಿತು. ಮಾವನವರನ್ನು ಹೆಗಲು ಹಿಡಿದು ಕೂರಿಸಿ, ಗದ್ದ ಹಿಡಿದು, “ಕುಡೀರಿ,” ಎಂದೆ.

“ಸಹಿ ಮಾಡೂದಿಲ್ಲ ನಾ,” ಎಂದರು.

“ಮಾಡಬ್ಯಾಡ್ರಿ. ಕುಡೀರಿ ಮೊದಲ.”

ಅಷ್ಟು ವರ್ಷ ಅವರ ಮನೆಯಲ್ಲಿದ್ದು, ದಿನಾ ಅವರ ತೋಳು ಹಿಡಿದು ಸೂಜಿ ಹಾಕಿಯೂ, ನಾನು ಅವರ ಮುಖವನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಗದ್ದದಲ್ಲಿ ಬಿಳಿ ಕೂಳೆ, ತುಟಿಯ ಪಕ್ಕ ಒಂದು ಹಳೆಯ ಗಾಯದ ಕಲೆ. ಬೆಕ್ಕಿಗಿಂತ ಹಗುರವಾಗಿದ್ದಾರೆ ಅನ್ನಿಸಿತು. ಅರ್ಧ ಪಾನಕ ಅಂಗಿಯ ಮೇಲೆ ಹರಿಯಿತು, ಅರ್ಧ ಒಳಗೆ ಹೋಯಿತು. ಇನ್ನೊಂದು ಲೋಟ ತರಿಸಿದೆ. ಸುತ್ತ ನೂರು ಜನ ನಿಂತು, ಮಾವನ ಗದ್ದ ಹಿಡಿದ ಸೊಸೆಯನ್ನು ನೋಡುತ್ತಿದ್ದರು. ವಾಜಂತ್ರಿಯವನೊಬ್ಬ ಸನಾದಿ ಬಾಯಲ್ಲೇ ಇಟ್ಟುಕೊಂಡು ಊದುವುದನ್ನು ಮರೆತಿದ್ದ.

ಸ್ವಲ್ಪ ಹೊತ್ತಿಗೆ ಬೆವರು ನಿಂತಿತು. ಮಾವನವರು ಕಣ್ಣು ಪಿಳುಕಿಸಿ, ಸುತ್ತ ನೋಡಿ, ತಮ್ಮ ಗದ್ದದ ಮೇಲಿನ ನನ್ನ ಕೈ ನೋಡಿದರು.

“ಅಕ್ಕಿಕಾಳ ಬಿದ್ದುವೇನು?” ಎಂದು ಕೇಳಿದರು.

ಫೌಜದಾರರು ಕರ್ತವ್ಯನಿಷ್ಠರು. ವಾಸನೆಯ ಪ್ರಶ್ನೆ ಇನ್ನೂ ಉಳಿದಿದೆ ಎಂದರು. ನಾನು ಒಳಗೆ ಹೋಗಿ ಪಿಚಕಾರಿಯ ಡಬ್ಬಿ, ಉಸುಕಿನ ಗಡಿಗೆ, ಸ್ಪಿರಿಟ್ಟಿನ ಬಾಟಲಿ ತಂದು ಅವರ ಮುಂದಿಟ್ಟೆ. ಅವರು ಬಾಟಲಿಯ ಬಿರಡೆ ತೆಗೆದು ಮೂಸಿದರು.

“ಇದು ಯಾರದು?”

“ಮಾವಾರದೂ ಬೆಕ್ಕಿಂದೂ ರಿ. ಸೂಜಿಗೆ.”

“ಯಾರದು?”

“ಬೆಕ್ಕಿಂದು.”

ಫೌಜದಾರರು ನನ್ನನ್ನೂ ಕುಡಿದವರ ಸಾಲಿಗೆ ಸೇರಿಸುವವರಿದ್ದರು. ಮಾವನವರು ಅಷ್ಟರಲ್ಲಿ ಪೂರ್ಣ ಚೇತರಿಸಿಕೊಂಡು, ಸಾಕ್ಷಿ ಬೇಕಾದರೆ ಹಾಜರುಪಡಿಸಬಹುದು ಎಂದರು. ಬೆಕ್ಕನ್ನು ಬುಟ್ಟಿಯಲ್ಲಿ ತರಲಾಯಿತು. ನನ್ನ ಕೈಯಿಂದ ಎತ್ತಿ ತೋರಿಸಿದಾಗ, ಬೆಕ್ಕು ಫೌಜದಾರರ ಟೊಪ್ಪಿಗೆಯನ್ನೂ ದೂರದಲ್ಲಿ ಕಟ್ಟಿದ್ದ ನಾಯಿಗಳನ್ನೂ ಒಂದೇ ತಿರಸ್ಕಾರದಿಂದ ನೋಡಿತು. ಕತ್ತಿನ ಮೇಲೆ ಸೂಜಿಗೆಂದು ಕೂದಲು ಕತ್ತರಿಸಿದ ಜಾಗ ಕಾಣುತ್ತಿತ್ತು. ಫೌಜದಾರರ ಮೀಸೆ ಮೊದಲು ಅಲುಗಿತು. ಆಮೇಲೆ ವರನ ತಂದೆ, ಅಲ್ಲಿಯತನಕ ಕಲ್ಲಾಗಿ ಕೂತಿದ್ದವರು, ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಕೆಮ್ಮು ಬಂತು, ಕೆಮ್ಮಿಗೆ ನೀರು ಕೇಳಿದರು. ಅತ್ತೆಯ ತಮ್ಮ ಸಮಯ ಸಾಧಿಸಿ ಪಾನಕ ಕೊಟ್ಟರು. ಕುಡಿದುಬಿಟ್ಟರು. ಕುಡಿದ ಮೇಲೆ ಮುನಿಸಿಗೆ ಕಾರಣ ಉಳಿಯಲಿಲ್ಲ.

ಮುಹೂರ್ತ ದಾಟಿತ್ತು. ಪುರೋಹಿತರು ಪಂಚಾಂಗ ತಿರುವಿ, ಹೊಸದೊಂದು ಮುಹೂರ್ತವನ್ನು ಅಲ್ಲೇ ಹುಡುಕಿ ಕೊಟ್ಟರು. ಮೊದಲಿನದಕ್ಕಿಂತಲೂ ಶ್ರೇಷ್ಠವಾದದ್ದಂತೆ.

ಜಮಖಂಡಿಗೆ ಮರಳಿದ ಮೇಲೆ ಈ ಕತೆಯನ್ನು ಮಾವನವರು ಊರೆಲ್ಲ ಹೇಳಿದರು. ಅವರು ಹೇಳುವ ಪ್ರಕಾರ, ಬೀಗರ ಹಟ ಮುರಿಯಲು ಬೇರೆ ದಾರಿ ಕಾಣದೆ ಅವರು ಸ್ವಲ್ಪ ನಾಟಕ ಮಾಡಬೇಕಾಯಿತು. ನಾನು ಯಾರ ಮುಂದೆಯೂ ತಿದ್ದಲಿಲ್ಲ. ಆದರೆ ಅಂದಿನಿಂದ ಪ್ರತಿ ಬೆಳಗ್ಗೆ ಅವರ ತಾಟಿನಲ್ಲಿ ರೊಟ್ಟಿ ಪಲ್ಯ ಬಡಿಸಿ, ಅವರು ಉಂಡು ಕೈತೊಳೆದುಕೊಂಡ ಮೇಲೆಯೇ ನಾನು ಪಿಚಕಾರಿ ಮುಟ್ಟುತ್ತಿದ್ದೆ. ಅವರು ಗಡಿಯಾರ ನೋಡುವರು, ನನ್ನನ್ನು ನೋಡುವರು, ಸುಮ್ಮನೆ ರೊಟ್ಟಿ ಮುರಿಯುವರು. ಆ ಸುಮ್ಮನಿರುವಿಕೆಗೆ ಬೇರೆ ಮನೆಗಳಲ್ಲಿ ಏನೆನ್ನುತ್ತಾರೋ ನನಗೆ ತಿಳಿಯದು. ನಮ್ಮ ಮನೆಯಲ್ಲಿ ಅದು ಬಹುದೊಡ್ಡ ಪದವಿ.

ಬೆಕ್ಕು ಆಮೇಲೂ ಒಂದೆರಡು ವರ್ಷ ಬದುಕಿತು. ಒಂದು ಮಳೆಗಾಲದ ಮಧ್ಯಾಹ್ನ ಗಾದಿಯ ಮೇಲೆ ಮಲಗಿದ್ದು ಏಳಲಿಲ್ಲ. ಮಾವನವರು ಅದನ್ನು ಹಿತ್ತಲಿನ ನಿಂಬೆಗಿಡದ ಬುಡದಲ್ಲಿ ತಾವೇ ಹೂತರು, ನಡುಗುವ ಕೈಯಿಂದಲೇ. ಸನಿಕೆಯನ್ನು ಬೇರೆಯವರಿಗೆ ಕೊಡಲಿಲ್ಲ.

ಅಷ್ಟರಲ್ಲಿ ಮುಧೋಳದ ಸುದ್ದಿ ಬನಹಟ್ಟಿಗೆ ಮದುವೆಯಾಗಿ ಹೋಗಿದ್ದ ನನ್ನ ನಾದಿನಿಯ ಮೂಲಕ ಆ ಊರು ತಲುಪಿತ್ತು. ಅವಳ ಮನೆಯಲ್ಲಿ ಮಗ್ಗಗಳಿದ್ದವು. ಮಗ್ಗದ ಮನೆಗೆ ನೂಲಿನ ವ್ಯಾಪಾರಿಗಳು ಬರುತ್ತಾರೆ. ಸುದ್ದಿ ನೂಲಿಗಿಂತ ಮುಂದೆ ಓಡುತ್ತದೆ. ರಬಕವಿಯ ದೊಡ್ಡ ವ್ಯಾಪಾರಿಯೊಬ್ಬರಿಗೆ ಸಕ್ಕರೆ ಕಾಯಿಲೆ ಬಂದಾಗ, ಅವರ ಹೆಂಡತಿಗೆ ಸೂಜಿ ಹಾಕುವುದನ್ನು ಕಲಿಸಿಕೊಡಬೇಕೆಂದು ನಮ್ಮ ಬಾಗಿಲಿಗೆ ಮನುಷ್ಯ ಬಂದ. ಬೆಕ್ಕಿಗೇ ಹಾಕುವವಳು ಮನುಷ್ಯರಿಗೆ ಹಾಕಲಾರಳೇ ಎಂಬುದು ಅವರ ತರ್ಕ. ಸೊಸೆ ಒಬ್ಬಳೇ ಪರವೂರಿಗೆ ಹೋಗುವುದುಂಟೇ ಎಂದು ಅತ್ತೆ ತೊದಲುವಾಗಲೇ ಮಾವನವರು ರುಮಾಲು ಸುತ್ತಿಕೊಂಡು ಹೊರಗೆ ಬಂದಿದ್ದರು.

ರಬಕವಿಯ ಆ ಮನೆಯಲ್ಲಿ ವ್ಯಾಪಾರಿ ಗಾದಿಯ ಮೇಲೆ ಅಂಗಿ ಕಳಚಿ ಕೂತಿದ್ದರು, ಮುಖದಲ್ಲಿ ರಕ್ತವಿರಲಿಲ್ಲ. ಅವರ ಹೆಂಡತಿ ನನ್ನ ಪಕ್ಕ ಕೂತು ಪಿಚಕಾರಿ ಹಿಡಿಯುವುದನ್ನು ನೋಡುತ್ತಿದ್ದಳು.

“ಭಾಳ ನೋಯತೈತೇನ್ರಿ?” ಎಂದು ವ್ಯಾಪಾರಿ ಮಾವನವರನ್ನು ಕೇಳಿದರು.

“ಛೇ, ಏನೂ ಇ‌ಲ್ಲ,” ಎಂದರು ಮಾವನವರು. ನಾನು ಸೂಜಿ ಎತ್ತಿದೆ. ವ್ಯಾಪಾರಿಯ ಜೊತೆ ಮಾವನವರೂ ಕಣ್ಣು ಮುಚ್ಚಿಕೊಂಡರು.